ರಾತ್ರಿ ಮಾತ್ರ ತಪ್ಪುತ್ತಿದ್ದ ಐದನೇ ಮೀಟರ್

"ಮೇಡಂ, ಐದನೇ ಮೀಟರ್ ಮತ್ತೆ ಹೋಯ್ತು."

ರಾತ್ರಿ ಪಾಳಿಯ ಎಲೆಕ್ಟ್ರಿಷಿಯನ್ ಫೋನ್ ಮಾಡಿದ್ದರು. ಗಂಟೆ ಒಂದೂ ಮುಕ್ಕಾಲು. ಹಿಂದಿನ ರಾತ್ರಿಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಇದೇ ಮಾತು ಹೇಳಿದ್ದರು. ಬೆಳಿಗ್ಗೆ ನಾನು ಹೋಗಿ ನೋಡಿದರೆ ಎಲ್ಲ ಸರಿಯಾಗಿತ್ತು.

"ಅಣ್ಣಾ, ಮೀಟರ್ ಡಿಸ್‌ಪ್ಲೇನಲ್ಲಿ ಏನು ಕಾಣ್ತಿದೆ?"

"ಮೀಟರ್ ಚೆನ್ನಾಗೇ ಓಡ್ತಿದೆ ಮೇಡಂ. ನಿಮ್ಮ ಸ್ಕ್ರೀನಲ್ಲೇ ಕೆಂಪು ಬಂದಿರೋದು."

ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮೀಟರ್ ಸರಿ ಇದೆ, ಸ್ಕ್ರೀನ್ ಸರಿ ಇದೆ, ನಡುವೆ ಏನೋ ಆಗುತ್ತಿದೆ. ನಡುವೆ ಇದ್ದದ್ದು ಮೂರು ವಾರದ ಹಿಂದೆ ನಾನೇ ಕೂರಿಸಿದ ಹೊಸ ಟರ್ಮಿನಲ್ ಸರ್ವರ್.

ಟರ್ಮಿನಲ್ ಸರ್ವರ್ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಈ ಹೆಸರು ಹುಡುಕಿದರೆ ದೂರದ ಕಂಪ್ಯೂಟರಿನ ಡೆಸ್ಕ್‌ಟಾಪ್ ತೋರಿಸುವ ತಂತ್ರಾಂಶಗಳೇ ಜಾಸ್ತಿ ಸಿಗುತ್ತವೆ. ನಾನು ಹೇಳುತ್ತಿರುವುದು ಅದಲ್ಲ. ಇದು ಒಂದು ಪೆಟ್ಟಿಗೆ. ಒಂದು ಕಡೆ ಈಥರ್ನೆಟ್ ಪೋರ್ಟ್, ಇನ್ನೊಂದು ಕಡೆ ಒಂದೋ, ನಾಲ್ಕೋ, ಹದಿನಾರೋ ಸೀರಿಯಲ್ ಪೋರ್ಟ್. ಸೀರಿಯಲ್ ಅಂದರೆ ಒಂದಾದ ಮೇಲೊಂದು ಬಿಟ್ ಕಳಿಸುವ ಹಳೆಯ ಥರದ ಸಂಪರ್ಕ. ಸೀರಿಯಲ್ ಕಡೆಯಿಂದ ಬಂದ ಬೈಟ್‌ಗಳನ್ನು ನೆಟ್‌ವರ್ಕ್ ಪ್ಯಾಕೆಟ್ ಮಾಡಿ ಕಳಿಸುತ್ತದೆ, ಆ ಕಡೆಯಿಂದ ಬಂದದ್ದನ್ನು ಬಿಚ್ಚಿ ಸೀರಿಯಲ್ ತಂತಿಗೆ ಇಳಿಸುತ್ತದೆ. ಈಗ ಇದನ್ನೇ ಸೀರಿಯಲ್ ಡಿವೈಸ್ ಸರ್ವರ್ ಅಂತಲೂ ಮಾರುತ್ತಾರೆ. ಹಳೆಯ ಹೆಸರು ಬಂದದ್ದು 1980ರ ದಶಕದಿಂದ. ಆಗ ಕಂಪ್ಯೂಟರ್ ಒಂದು ಕೋಣೆಯಲ್ಲಿ, ಪರದೆ ಮತ್ತು ಕೀಬೋರ್ಡ್ ಮಾತ್ರ ಇರುವ ಟರ್ಮಿನಲ್‌ಗಳು ಪ್ರತಿ ಮೇಜಿನ ಮೇಲೆ. ಒಂದೊಂದು ಟರ್ಮಿನಲ್‌ಗೂ ಆ ಕೋಣೆಯಿಂದ ಒಂದೊಂದು ತಂತಿ ಎಳೆಯಬೇಕಿತ್ತು. ಟರ್ಮಿನಲ್‌ಗಳ ಹತ್ತಿರವೇ ಒಂದು ಪೆಟ್ಟಿಗೆ ಇಟ್ಟು, ಅಲ್ಲಿಂದ ಒಂದೇ ಈಥರ್ನೆಟ್ ತಂತಿ ತಂದರೆ ಆ ಕಷ್ಟ ತಪ್ಪಿತು. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಡಿಇಸಿ ಸರ್ವರ್‌ಗಳು ಈ ಕೆಲಸಕ್ಕೇ ಇದ್ದವು. ಅವು ಮಾತಾಡುತ್ತಿದ್ದದ್ದು ಇಂಟರ್ನೆಟ್ಟಿನಲ್ಲಿ ಬಳಸುವ ಟಿಸಿಪಿ ಅಲ್ಲ, ಎಲ್ಎಟಿ ಅನ್ನುವ ತಮ್ಮದೇ ಪ್ರೋಟೊಕಾಲ್. ಅದು ರೂಟರ್ ದಾಟುತ್ತಿರಲಿಲ್ಲ. ಟರ್ಮಿನಲ್‌ಗಳು ಹೋದವು, ಪೆಟ್ಟಿಗೆ ಉಳಿಯಿತು.

ಯಾಕೆ ಉಳಿಯಿತು ಅಂದರೆ, ಸೀರಿಯಲ್ ಪೋರ್ಟ್ ಇರುವ ಯಂತ್ರಗಳು ಸಾಯುವುದಿಲ್ಲ. ನಮ್ಮಲ್ಲಿ ಒಂದು ದೊಡ್ಡ ತೂಕದ ಯಂತ್ರ, ಎರಡು ಸಣ್ಣವು, ಹನ್ನೊಂದು ಎನರ್ಜಿ ಮೀಟರ್, ಒಂದು ಯುಪಿಎಸ್, ಲ್ಯಾಬಿನ ಎರಡು ಉಪಕರಣ, ಸರ್ವರ್ ಕೋಣೆಯ ನೆಟ್‌ವರ್ಕ್ ಸ್ವಿಚ್‌ಗಳ ಕನ್ಸೋಲ್, ಅಂದರೆ ಅವುಗಳಿಗೆ ಆಜ್ಞೆ ಟೈಪ್ ಮಾಡುವ ಪೋರ್ಟ್. ಎಲ್ಲವೂ ಚೆನ್ನಾಗಿ ಕೆಲಸ ಮಾಡುತ್ತಿವೆ. ಹಿಂಬದಿಯ ಒಂಬತ್ತು ಪಿನ್ನಿನ ಕನೆಕ್ಟರ್ ಹಳೆಯದು ಅಂತ ಒಳ್ಳೆಯ ತೂಕದ ಯಂತ್ರವನ್ನು ಯಾರಾದರೂ ಎಸೆಯುತ್ತಾರಾ?

ತೊಂದರೆ ಇದ್ದದ್ದು ದೂರದ್ದು. ಈ ಸೀರಿಯಲ್ ಪೋರ್ಟ್‌ಗಳ ಮಾಮೂಲಿ ಸ್ಟ್ಯಾಂಡರ್ಡ್ ಆರ್‌ಎಸ್-232, ಮೊದಲು ಬಂದದ್ದು 1960ರಲ್ಲಿ. ಅದಕ್ಕೆ ಎಲ್ಲರೂ ಹೇಳುವ ಮಿತಿ ಸುಮಾರು 15 ಮೀಟರ್. ವೇಗ ಕಡಿಮೆ ಇದ್ದರೆ, ಕೇಬಲ್ ಒಳ್ಳೆಯದಿದ್ದರೆ ಇನ್ನೂ ಮುಂದೆ ಹೋಗುತ್ತದೆ. ಆದರೆ ಅದು ಅದೃಷ್ಟದ ಮೇಲೆ ನಡೆಯುವ ಲೆಕ್ಕ. ನಮ್ಮ ದೊಡ್ಡ ತೂಕದ ಯಂತ್ರಕ್ಕೆ 40 ಮೀಟರ್ ಕೇಬಲ್ ಇತ್ತು. ಓಡುತ್ತಿತ್ತು. ಪಕ್ಕದ ದೊಡ್ಡ ಮೋಟರ್ ಶುರುವಾದಾಗ ಮಾತ್ರ ತೂಕದ ಜಾಗದಲ್ಲಿ ಏನೇನೋ ಅಕ್ಷರ ಬರುತ್ತಿತ್ತು. ಆ ಕೇಬಲ್ಲಿನಲ್ಲಿ ಸಿಗ್ನಲ್ ಅಳೆಯುವುದು ಗ್ರೌಂಡ್ ತಂತಿಗೆ ಹೋಲಿಸಿ. ಒಂಬತ್ತು ಪಿನ್ನಿನಲ್ಲಿ ಅದು ಐದನೇ ಪಿನ್. ಈ ತುದಿಯ ಗ್ರೌಂಡ್ ಮತ್ತು ಆ ತುದಿಯ ಗ್ರೌಂಡ್ ಬೇರೆ ಬೇರೆ ವೋಲ್ಟೇಜಿನಲ್ಲಿ ಇದ್ದರೆ ಆ ವ್ಯತ್ಯಾಸವೂ ಸಿಗ್ನಲ್ಲಿನ ಜೊತೆ ಸೇರಿಕೊಳ್ಳುತ್ತದೆ.

ಅದಕ್ಕೇ ಒಂದು ಮಾತು ಒತ್ತಿ ಹೇಳುತ್ತೇನೆ. ಪೆಟ್ಟಿಗೆಯನ್ನು ಕಂಪ್ಯೂಟರ್ ಪಕ್ಕ ಇಡಬೇಡಿ. ಯಂತ್ರದ ಪಕ್ಕ ಇಡಿ. ರ‍್ಯಾಕಿನಲ್ಲಿ ಜಾಗ ಇದೆ, ಅಲ್ಲಿ ಎಲ್ಲ ಒಂದೇ ಕಡೆ ಸಿಗುತ್ತದೆ ಅಂತ ಅನ್ನಿಸುತ್ತದೆ. ಹಾಗೆ ಇಟ್ಟರೆ ಅದೇ ಉದ್ದದ ಸೀರಿಯಲ್ ಕೇಬಲ್ ಹಾಗೇ ಉಳಿಯುತ್ತದೆ, ಗಳಿಸಿದ್ದು ಏನೂ ಇಲ್ಲ. ಯಂತ್ರದ ಪಕ್ಕ ಇಟ್ಟು, ಅದೇ ಕರೆಂಟ್ ಪಾಯಿಂಟಿನಿಂದ ಪವರ್ ಕೊಟ್ಟರೆ ಸೀರಿಯಲ್ ಕೇಬಲ್ ಒಂದು ಮೀಟರ್ ಸಾಕು. ಉಳಿದ ದೂರವನ್ನು ಈಥರ್ನೆಟ್ ನೋಡಿಕೊಳ್ಳುತ್ತದೆ. ತಾಮ್ರದ ಈಥರ್ನೆಟ್ ಪೋರ್ಟಿನ ಒಳಗೆ ಸಣ್ಣ ಟ್ರಾನ್ಸ್‌ಫಾರ್ಮರ್ ಇರುತ್ತದೆ, 1500 ವೋಲ್ಟ್ ತಡೆಯಬೇಕು ಅಂತ ಸ್ಟ್ಯಾಂಡರ್ಡೇ ಹೇಳುತ್ತದೆ. ಎರಡು ಗ್ರೌಂಡ್‌ಗಳ ಜಗಳ ಅಲ್ಲಿಗೆ ನಿಲ್ಲುತ್ತದೆ. ಮಾಮೂಲಿ ಕೇಬಲ್ಲಿನಲ್ಲೇ 100 ಮೀಟರ್ ಹೋಗಬಹುದು. ನಮ್ಮ ತೂಕದ ಯಂತ್ರದ ಪಕ್ಕ ಒಂದು ಪೋರ್ಟಿನ ಪುಟ್ಟ ಪೆಟ್ಟಿಗೆ ಹಾಕಿದ ದಿನದಿಂದ ಮೋಟರ್ ಶುರುವಾದರೂ ತೂಕ ಕೆಟ್ಟಿಲ್ಲ.

ಆದರೆ ಬೇರೆ ರೀತಿಯಲ್ಲಿ ಕೆಟ್ಟಿತು. ಎರಡನೇ ದಿನವೇ ತೂಕ ಮಾಡುವ ಹುಡುಗ ಬಂದು, "ಮೇಡಂ, ಯಂತ್ರ 412.5 ತೋರಿಸ್ತಿದೆ, ಸ್ಕ್ರೀನಲ್ಲಿ 41 ಬಂತು" ಅಂದ. ಒಂದು ಸಲ ಮಾತ್ರ. ಮತ್ತೆ ಮಧ್ಯಾಹ್ನ ಇನ್ನೊಂದು ಸಲ.

ಆ ಯಂತ್ರ ಸೆಕೆಂಡಿಗೆ ಹತ್ತು ಸಲ ಒಂದು ಸಾಲು ಕಳಿಸುತ್ತದೆ. ಒಂದು ಪ್ಲಸ್ ಗುರುತು, ಒಂದು ಖಾಲಿ ಜಾಗ, 0412.5, ಆಮೇಲೆ ಸಾಲು ಮುಗಿಯಿತು ಅನ್ನುವ ಎರಡು ಬೈಟ್. ಮೊದಲು ನೇರ ಕೇಬಲ್ ಇದ್ದಾಗ ನಮ್ಮ ತಂತ್ರಾಂಶಕ್ಕೆ ಪೂರ್ತಿ ಸಾಲು ಒಟ್ಟಿಗೇ ಸಿಗುತ್ತಿತ್ತು. ಈಗ ಪೆಟ್ಟಿಗೆ ನಡುವೆ ಬಂದಿದೆ. ಅದಕ್ಕೆ ಸಾಲು ಗೀಲು ಗೊತ್ತಿಲ್ಲ. ಬಂದಷ್ಟು ಬೈಟ್ ಹಿಡಿದು ಪ್ಯಾಕೆಟ್ ಮಾಡಿ ಕಳಿಸುತ್ತದೆ. ಕೆಲವೊಮ್ಮೆ 041ರ ತನಕ ಒಂದು ಪ್ಯಾಕೆಟ್, 2.5 ಇನ್ನೊಂದರಲ್ಲಿ. ತಂತ್ರಾಂಶ ಬರೆದವರು ಒಂದು ಸಲ ಓದಿದ್ದೇ ಒಂದು ಸಾಲು ಅಂದುಕೊಂಡಿದ್ದರು. 412.5 ಕೆಜಿ ಇದ್ದದ್ದು 41 ಆಯಿತು.

ಪೆಟ್ಟಿಗೆಯ ಸೆಟ್ಟಿಂಗಿನಲ್ಲಿ ಇದಕ್ಕೆ ಉತ್ತರ ಇದೆ. ಇಂಥ ಬೈಟ್ ಬರುವ ತನಕ ಕೂಡಿಟ್ಟುಕೋ, ಆಮೇಲೆ ಒಟ್ಟಿಗೆ ಕಳಿಸು ಅಂತ ಹೇಳಬಹುದು. ಅಥವಾ ಇಷ್ಟು ಮಿಲಿಸೆಕೆಂಡ್ ಏನೂ ಬರದಿದ್ದರೆ ಕಳಿಸು ಅನ್ನಬಹುದು. ನಾನು ಸಾಲಿನ ಕೊನೆಯ ಬೈಟ್‌ಗಳನ್ನು ಅಲ್ಲಿ ಹಾಕಿದೆ. ತಪ್ಪು ನಿಂತಿತು. ಆದರೂ ಅಷ್ಟಕ್ಕೇ ಬಿಡಲಿಲ್ಲ. ಟಿಸಿಪಿ ಅನ್ನುವುದು ಬೈಟ್‌ಗಳ ಹರಿವು. ಪ್ಯಾಕೆಟ್ ಎಲ್ಲಿ ತುಂಡಾಗಬೇಕು ಅಂತ ಅದು ಯಾರಿಗೂ ಮಾತು ಕೊಟ್ಟಿಲ್ಲ. ಸರಿಯಾದ ಕೆಲಸ ಅಂದರೆ, ಸಾಲು ಮುಗಿಯುವ ತನಕ ತಂತ್ರಾಂಶವೇ ಕಾಯುವುದು. ಹತ್ತು ಸಾಲಿನ ಬದಲಾವಣೆ. ಅದನ್ನೂ ಮಾಡಿಸಿದೆ.

ಅವತ್ತು ನನಗೆ ಸ್ಪಷ್ಟವಾದದ್ದು ಒಂದಿದೆ. ನಾವು ಅಂದುಕೊಳ್ಳುವುದು ಸೀರಿಯಲ್ ತಂತಿಯಲ್ಲಿ ಬೈಟ್ ಹೋಗುತ್ತದೆ ಅಂತ. ಬೈಟ್ ಜೊತೆಗೆ ಹೊತ್ತೂ ಹೋಗುತ್ತದೆ. ಯಾವಾಗ ಮಾತು ಶುರುವಾಯಿತು, ಯಾವಾಗ ನಿಂತಿತು, ಎಷ್ಟು ಹೊತ್ತು ಸುಮ್ಮನಿತ್ತು, ಎಲ್ಲಕ್ಕೂ ಅರ್ಥ ಇದೆ. ಪೆಟ್ಟಿಗೆ ಬೈಟ್‌ಗಳನ್ನು ಒಂದೂ ಬಿಡದೆ ತಲುಪಿಸುತ್ತದೆ. ಹೊತ್ತನ್ನು ತಲುಪಿಸುವುದಿಲ್ಲ. ಟರ್ಮಿನಲ್ ಸರ್ವರ್ ಕೆಲಸದಲ್ಲಿ ನನ್ನನ್ನು ರಾತ್ರಿ ಎಬ್ಬಿಸಿದ್ದರಲ್ಲಿ ಮುಕ್ಕಾಲು ಪಾಲು ಇದರಿಂದಲೇ.

ಮೀಟರ್‌ಗಳ ವಿಷಯದಲ್ಲಿ ಇದು ಇನ್ನೂ ಜಾಸ್ತಿ. ಅವು ಮಾತಾಡುವುದು ಮಾಡ್‌ಬಸ್ ಆರ್‌ಟಿಯು ಅನ್ನುವ ಪ್ರೋಟೊಕಾಲ್. 1979ರಲ್ಲಿ ಮಾಡಿಕಾನ್ ಕಂಪನಿ ತಂದದ್ದು, ಇವತ್ತಿಗೂ ಎಲ್ಲ ಕಡೆ ಇದೆ. ಅದರಲ್ಲಿ ಸಂದೇಶ ಇಲ್ಲಿಗೆ ಮುಗಿಯಿತು ಅನ್ನುವ ಗುರುತಿನ ಬೈಟೇ ಇಲ್ಲ. ಮೂರೂವರೆ ಅಕ್ಷರದ ಹೊತ್ತು ತಂತಿ ಸುಮ್ಮನಿದ್ದರೆ ಮುಗಿಯಿತು ಅಂತ ಅರ್ಥ. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಅದು ಸುಮಾರು 4 ಮಿಲಿಸೆಕೆಂಡ್. ಪ್ರಶ್ನೆಯ ಅರ್ಧ ಈಗ, ಇನ್ನರ್ಧ 20 ಮಿಲಿಸೆಕೆಂಡ್ ಬಿಟ್ಟು ತಲುಪಿದರೆ ಮೀಟರ್ ಎರಡನ್ನೂ ಕಸ ಅಂತ ಬಿಟ್ಟುಬಿಡುತ್ತದೆ. ಪ್ರಶ್ನೆ ಬರೀ 8 ಬೈಟ್ ಆದ್ದರಿಂದ ಒಂದೇ ಪ್ಯಾಕೆಟಿನಲ್ಲಿ ಹೋಗುತ್ತದೆ, ಹಾಗಾಗಿ ಸಾಮಾನ್ಯವಾಗಿ ಬಚಾವ್.

ಹನ್ನೊಂದು ಮೀಟರೂ ಆರ್‌ಎಸ್-485 ಅನ್ನುವ ಇನ್ನೊಂದು ಥರದ ಒಂದೇ ಸೀರಿಯಲ್ ತಂತಿಯ ಮೇಲಿವೆ. ಇಲ್ಲಿ ಗ್ರೌಂಡಿಗೆ ಹೋಲಿಸಿ ಅಳೆಯುವುದಿಲ್ಲ, ಎರಡು ತಂತಿಗಳ ನಡುವಿನ ವ್ಯತ್ಯಾಸ ನೋಡುತ್ತಾರೆ. ಅದಕ್ಕೇ ಇದು 1200 ಮೀಟರ್ ತನಕ ಹೋಗುತ್ತದೆ. ಎರಡು ತುದಿಗೂ 120 ಓಮ್ ರೆಸಿಸ್ಟರ್ ಹಾಕಿದ್ದೆ, ನಡುವೆ ಎಲ್ಲೂ ಕವಲು ತೆಗೆದಿರಲಿಲ್ಲ. ಐದನೇ ಮೀಟರ್ ತಪ್ಪಿದಾಗ ಮೊದಲು ಅನುಮಾನ ಬಂದದ್ದು ವೈರಿಂಗ್ ಮೇಲೆಯೇ. ಸ್ಕ್ರೂ ಎಲ್ಲ ಬಿಗಿ ಮಾಡಿದೆವು. ಐದನೇ ಮೀಟರನ್ನು ಆರನೆಯದರ ಜೊತೆ ಅದಲುಬದಲು ಮಾಡಿದೆವು. ಜಾಗ ಬದಲಾದರೂ ತಪ್ಪು ಮೊದಲು ಐದನೇ ಮೀಟರ್ ಇದ್ದ ಮುಖ್ಯ ಪ್ಯಾನೆಲ್ಲಿನಲ್ಲೇ ಉಳಿಯಿತು. ಅಂದರೆ ಮೀಟರಿನದ್ದಲ್ಲ, ಅದು ಅಳೆಯುತ್ತಿದ್ದದ್ದರದ್ದು. ಇದು ನನಗೆ ತಕ್ಷಣ ಹೊಳೆಯಲಿಲ್ಲ.

ಮೂರನೇ ರಾತ್ರಿ ನಾನೇ ಅಲ್ಲಿ ಕೂತೆ. ಲ್ಯಾಪ್‌ಟಾಪಿನಲ್ಲಿ ಬರುವ ಹೋಗುವ ಪ್ರತಿ ಬೈಟೂ ಕಾಣುವ ಹಾಗೆ ಲಾಗ್ ಹಾಕಿಕೊಂಡೆ. ಒಂದೂವರೆ ದಾಟಿತು. ಕೆಂಪು ಬಂತು.

ಒಂದು ರಿಜಿಸ್ಟರ್, ಅಂದರೆ ಮೀಟರಿನೊಳಗಿನ ಒಂದು ಅಳತೆಯ ಖಾನೆ, ಕೇಳಿದರೆ ಉತ್ತರ 7 ಬೈಟ್ ಇರಬೇಕು. ಮೀಟರ್ ನಂಬರ್, ಕೆಲಸದ ನಂಬರ್, ಮುಂದೆ ಎಷ್ಟು ಬೈಟ್ ಇದೆ ಅನ್ನುವುದು, ಎರಡು ಬೈಟ್ ಬೆಲೆ, ದಾರಿಯಲ್ಲಿ ಏನಾದರೂ ಕೆಟ್ಟಿದೆಯಾ ಅಂತ ನೋಡುವ ಎರಡು ಬೈಟ್ ಸಿಆರ್‌ಸಿ. ನನ್ನ ಲಾಗಿನಲ್ಲಿ 8 ಇದ್ದವು. ಹೆಕ್ಸಿನಲ್ಲಿ, ಅಂದರೆ ಹದಿನಾರರ ಲೆಕ್ಕದಲ್ಲಿ ಬರೆದರೆ 05, 03, 02, ಎಫ್‌ಎಫ್, ಎಫ್‌ಎಫ್, ಡಿಎ, ಆಮೇಲೆ ಸಿಆರ್‌ಸಿ. ಒಂದು ಎಫ್‌ಎಫ್ ಹೆಚ್ಚಿಗೆ. ಹಿಂದಿನ ಎರಡು ರಾತ್ರಿಯ ತಪ್ಪುಗಳನ್ನೂ ತೆಗೆದು ನೋಡಿದೆ. ಪ್ರತಿಯೊಂದರಲ್ಲೂ ಎಫ್‌ಎಫ್ ಜೋಡಿ ಕೂತಿತ್ತು.

ಆಗ ಲಾಗಿನ ಮೊದಲ ಸಾಲಿಗೆ ಹೋದೆ. ಕನೆಕ್ಷನ್ ಆದ ಕೂಡಲೇ, ನಾವು ಏನೂ ಕೇಳುವ ಮೊದಲೇ, ಪೆಟ್ಟಿಗೆ ಆರು ಬೈಟ್ ಕಳಿಸಿತ್ತು. ಎಫ್‌ಎಫ್ ಎಫ್‌ಬಿ 01, ಎಫ್‌ಎಫ್ ಎಫ್‌ಬಿ 03. ಇದು ಟೆಲ್ನೆಟ್ ಮಾತು, ಮನುಷ್ಯರು ದೂರದ ಯಂತ್ರಕ್ಕೆ ಟೈಪ್ ಮಾಡಲು ಇರುವ ಹಳೆಯ ಪ್ರೋಟೊಕಾಲ್. ಮೊದಲ ಮೂರು "ಎಕೋ ನಾನು ಮಾಡುತ್ತೇನೆ" ಅನ್ನುವುದು, ಮುಂದಿನ ಮೂರು ಅಂಥದ್ದೇ ಇನ್ನೊಂದು ಒಪ್ಪಂದ. ಆ ಪೋರ್ಟ್ ಟೆಲ್ನೆಟ್ ಮೋಡಿನಲ್ಲಿತ್ತು. ಇದು ಮೊದಲ ದಿನದಿಂದಲೂ ಲಾಗಿನ ತಲೆಯಲ್ಲೇ ಇತ್ತು. ನಮ್ಮ ತಂತ್ರಾಂಶ ಶುರುವಿನ ಕಸ ಅಂತ ಅದನ್ನು ತೆಗೆದುಹಾಕುತ್ತಿತ್ತು, ಹಾಗಾಗಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಟೆಲ್ನೆಟ್‌ನಲ್ಲಿ 255, ಅಂದರೆ ಎಫ್‌ಎಫ್, ಸಾಮಾನ್ಯ ಬೈಟ್ ಅಲ್ಲ. ಮುಂದೆ ಬರುವುದು ಆಜ್ಞೆ ಅನ್ನುವ ಗುರುತು. ನಿಜವಾಗಿ 255 ಅನ್ನುವ ಡೇಟಾ ಕಳಿಸಬೇಕಾದರೆ ಎರಡು ಸಲ ಕಳಿಸಬೇಕು, ಆ ಕಡೆಯವರು ಒಂದನ್ನು ತೆಗೆಯಬೇಕು. ಪೆಟ್ಟಿಗೆ ನಿಯಮದ ಪ್ರಕಾರ ಎರಡು ಮಾಡಿತ್ತು. ನಮ್ಮ ತಂತ್ರಾಂಶಕ್ಕೆ ಟೆಲ್ನೆಟ್ ಗೊತ್ತಿಲ್ಲ, ಒಂದನ್ನು ತೆಗೆಯಲಿಲ್ಲ. ಸಿಆರ್‌ಸಿ ಹೊಂದಲಿಲ್ಲ. ಕೆಲವು ಪೆಟ್ಟಿಗೆಗಳು 13 ಅನ್ನುವ ಬೈಟ್ ಆದಮೇಲೆ ಒಂದು ಸೊನ್ನೆಯ ಬೈಟನ್ನೂ ಸೇರಿಸುತ್ತವೆ, ಅದೂ ಟೆಲ್ನೆಟ್ ನಿಯಮವೇ. ನಮ್ಮದು ಹಾಗೆ ಮಾಡುತ್ತಿರಲಿಲ್ಲ.

ಸರಿ, ರಾತ್ರಿಯೇ ಯಾಕೆ? ಅದೂ ಐದನೆಯದೇ ಯಾಕೆ?

ಉತ್ತರ ಹೇಳಿದ್ದು ಆ ಎಲೆಕ್ಟ್ರಿಷಿಯನ್ನೇ. ಎಫ್‌ಎಫ್ ಡಿಎ ಅನ್ನುವುದು ಚಿಹ್ನೆ ಇರುವ ಸಂಖ್ಯೆಯಾಗಿ ಓದಿದರೆ ಮೈನಸ್ 38. "ಇದು ರಿಯಾಕ್ಟಿವ್ ಪವರ್ ರಿಜಿಸ್ಟರ್ ಅಣ್ಣಾ, ಮೈನಸ್ 38 ಯಾಕೆ ಬರುತ್ತೆ?" ಅಂತ ಕೇಳಿದೆ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ಬರಲೇಬೇಕಲ್ಲ ಮೇಡಂ. ಒಂದೂವರೆಗೆ ದೊಡ್ಡ ಮೋಟರೆಲ್ಲ ನಿಲ್ತವೆ. ಒಂದು ಕೆಪಾಸಿಟರ್ ಬ್ಯಾಂಕ್ ಮಾತ್ರ ಯಾವಾಗಲೂ ಆನ್ ಇರುತ್ತೆ. ಲೋಡ್ ಇಲ್ಲ, ಕೆಪಾಸಿಟರ್ ಇದೆ. ಲೀಡಿಂಗ್ ಹೋಗುತ್ತೆ."

ರಿಯಾಕ್ಟಿವ್ ಪವರ್ ಅಂದರೆ ಕೆಲಸ ಮಾಡದೆ ಲೈನಿನಲ್ಲಿ ಹೋಗಿ ಬರುವ ಪವರ್. ಮೋಟರ್‌ಗಳು ಅದನ್ನು ಎಳೆದರೆ ಮೀಟರಿನಲ್ಲಿ ಪ್ಲಸ್, ಕೆಪಾಸಿಟರ್ ಕೊಟ್ಟರೆ ಮೈನಸ್. ಅದನ್ನೇ ಅವರು ಲೀಡಿಂಗ್ ಅಂದದ್ದು. ಐದನೆಯದು ಮುಖ್ಯ ಪ್ಯಾನೆಲ್ಲಿನ ಮೀಟರ್. ಕೆಪಾಸಿಟರಿನ ಪರಿಣಾಮ ಕಾಣುವುದು ಅದರಲ್ಲೇ. ಹಗಲು ಸಂಖ್ಯೆ ಪ್ಲಸ್, ಮೇಲಿನ ಬೈಟ್ ಸೊನ್ನೆ. ರಾತ್ರಿ ಸಣ್ಣ ಮೈನಸ್ ಸಂಖ್ಯೆ, ಅಂದರೆ ಮೇಲಿನ ಬೈಟ್ ಪ್ರತಿ ಸಲವೂ ಎಫ್‌ಎಫ್. ಹಗಲು ಹೊತ್ತಿನಲ್ಲೂ ಯಾವಾಗಲೋ ಒಮ್ಮೆ ಸಿಆರ್‌ಸಿಯಲ್ಲೇ ಎಫ್‌ಎಫ್ ಬಂದು ಒಂದು ಉತ್ತರ ತಪ್ಪುತ್ತಿತ್ತು, ಹನ್ನೊಂದು ಮೀಟರಿನಲ್ಲೂ. ಆದರೆ ತಂತ್ರಾಂಶ ಮತ್ತೆ ಕೇಳುತ್ತಿತ್ತು, ಅಷ್ಟರಲ್ಲಿ ಬೆಲೆ ಬದಲಾಗಿರುತ್ತಿತ್ತು, ಉತ್ತರ ಸರಿಹೋಗುತ್ತಿತ್ತು. ಹಾಗಾಗಿ ಅದು ಮೂರು ವಾರ ಮುಚ್ಚಿಕೊಂಡಿತ್ತು.

ಪೋರ್ಟನ್ನು ಟೆಲ್ನೆಟ್ಟಿನಿಂದ ರಾ ಟಿಸಿಪಿಗೆ, ಅಂದರೆ ಬೈಟ್‌ಗಳನ್ನು ಮುಟ್ಟದೆ ಹಾಗೇ ಕಳಿಸುವ ಮೋಡಿಗೆ ಬದಲಾಯಿಸಿದೆ. ಒಂದೇ ಒಂದು ಡ್ರಾಪ್‌ಡೌನ್. ಸ್ಕ್ರೀನ್ ಹಸಿರಾಯಿತು, ಮೈನಸ್ 38 ಅಂತ ಕಾಣಿಸಿತು. ಆ ಸೆಟ್ಟಿಂಗ್ ಅಲ್ಲಿಗೆ ಬಂದದ್ದು ನನ್ನ ಕೈಯಿಂದಲೇ. ಮೊದಲ ಪೋರ್ಟನ್ನು ಸ್ವಿಚ್ ಕನ್ಸೋಲಿಗೆ ಅಂತ ಟೆಲ್ನೆಟ್ ಇಟ್ಟಿದ್ದೆ, ಎಲ್ಲ ಪೋರ್ಟಿಗೂ ಇದನ್ನೇ ಹಾಕು ಅನ್ನುವ ಬಾಕ್ಸಿಗೆ ಟಿಕ್ ಮಾಡಿದ್ದೆ. ಈಗ ಒಂದೊಂದು ಪೋರ್ಟನ್ನೂ ಕೂತು ಬೇರೆ ಬೇರೆ ಹಾಕುತ್ತೇನೆ. ಮನುಷ್ಯರು ಟೈಪ್ ಮಾಡುವ ಪೋರ್ಟಿಗೆ ಟೆಲ್ನೆಟ್ ಸರಿ. ಯಂತ್ರ ಯಂತ್ರದ ಜೊತೆ ಮಾತಾಡುವ ಪೋರ್ಟಿಗೆ ರಾ. ತಂತ್ರಾಂಶ ತಾನೇ ವೇಗ ಬದಲಾಯಿಸಬೇಕು, ಡಿಟಿಆರ್ ಅನ್ನುವ ಸಿಗ್ನಲ್ ತಂತಿಯನ್ನು ಎತ್ತಬೇಕು ಇಳಿಸಬೇಕು ಅಂತಿದ್ದರೆ 1997ರ ಆರ್‌ಎಫ್‌ಸಿ 2217 ಅನ್ನುವ ವಿಧಾನ ಇದೆ. ಅದು ಟೆಲ್ನೆಟ್ ಮೇಲೆಯೇ ಕಟ್ಟಿದ್ದು, ಆದರೆ ಎರಡು ತುದಿಗೂ ಅದು ಗೊತ್ತಿರಬೇಕು. ಮಾಡ್‌ಬಸ್ಸಿಗಾದರೆ ಇನ್ನೂ ಒಳ್ಳೆಯ ದಾರಿ ಇದೆ. ಗೇಟ್‌ವೇ ಆಗಿ ಕೆಲಸ ಮಾಡುವ ಪೆಟ್ಟಿಗೆ ಸಿಆರ್‌ಸಿ ತೆಗೆದು, 7 ಬೈಟಿನ ಹೊಸ ತಲೆ ಹಾಕಿ, 502ನೇ ಪೋರ್ಟಿನಲ್ಲಿ ಮಾಡ್‌ಬಸ್ ಟಿಸಿಪಿ ಮಾತಾಡುತ್ತದೆ. ಆಗ ಆ ಮೂರೂವರೆ ಅಕ್ಷರದ ಹೊತ್ತನ್ನು ಅದೇ ನೋಡಿಕೊಳ್ಳುತ್ತದೆ. ಹೊಸದಾಗಿ ಕೊಳ್ಳುವವರಿಗೆ ನಾನು ಹೇಳುವುದು ಇದನ್ನೇ.

ಇನ್ನೊಂದು ಕಾಟ ಕನೆಕ್ಷನ್ನಿನದ್ದು. ಸೀರಿಯಲ್ ಕೇಬಲ್ ಕಿತ್ತರೆ ಕಿತ್ತುಹೋಯಿತು, ಹಾಕಿದರೆ ಹಾಕಿದ ಹಾಗೆ. ಟಿಸಿಪಿ ಹಾಗಲ್ಲ. ಕಂಪ್ಯೂಟರ್ ಕರೆಂಟ್ ಹೋಗಿ ಆಫ್ ಆದರೆ, ಹೋಗಿಬರ್ತೀನಿ ಅಂತ ಪೆಟ್ಟಿಗೆಗೆ ಹೇಳುವುದಿಲ್ಲ. ಪೆಟ್ಟಿಗೆ ಹಳೆಯ ಕನೆಕ್ಷನ್ ಹಿಡಿದುಕೊಂಡೇ ಕೂತಿರುತ್ತದೆ. ಕಂಪ್ಯೂಟರ್ ಮತ್ತೆ ಬಂದು ಬಾಗಿಲು ತಟ್ಟಿದರೆ ಪೋರ್ಟ್ ಬ್ಯುಸಿ ಅನ್ನುತ್ತದೆ. ಆ ಕಡೆಯವರು ಇನ್ನೂ ಇದ್ದಾರಾ ಅಂತ ಆಗಾಗ ಕೇಳಿ ನೋಡುವ ಕೀಪ್‌ಅಲೈವ್ ಅನ್ನುವುದು ಇದಕ್ಕೇ ಇರುವುದು, ಆದರೆ ಅದರ ಬೆಲೆ ನೋಡಿಯೇ ಹಾಕಬೇಕು. ಲಿನಕ್ಸಿನಲ್ಲಿ ಅದರ ಮೂಲ ಬೆಲೆ 7200 ಸೆಕೆಂಡ್, ಅಂದರೆ ಎರಡು ಗಂಟೆ. ತೂಕ ಮಾಡುವವರು ಎರಡು ಗಂಟೆ ಕಾಯುತ್ತಾರಾ? ನಾನು ಪೆಟ್ಟಿಗೆಗಳಲ್ಲಿ ಒಂದು ನಿಮಿಷಕ್ಕೆ ಇಳಿಸಿದ್ದೇನೆ.

ಕನ್ಸೋಲ್ ಪೋರ್ಟಿನ ಬಗ್ಗೆ ಒಂದು ಎಚ್ಚರಿಕೆ. ಸೀರಿಯಲ್ ತಂತಿಯಲ್ಲಿ ಬ್ರೇಕ್ ಅನ್ನುವ ಸಿಗ್ನಲ್ ಇದೆ. ಅದು ಅಕ್ಷರವೇ ಅಲ್ಲ. ಒಂದು ಅಕ್ಷರಕ್ಕೆ ಬೇಕಾದದ್ದಕ್ಕಿಂತ ಜಾಸ್ತಿ ಹೊತ್ತು ತಂತಿಯನ್ನು ಒಂದೇ ಸ್ಥಿತಿಯಲ್ಲಿ ಹಿಡಿಯುವುದು, ಅಷ್ಟೆ. ಕೆಲವು ಹಳೆಯ ಯೂನಿಕ್ಸ್ ಸರ್ವರ್‌ಗಳು ಬ್ರೇಕ್ ಬಂದ ಕೂಡಲೇ ಎಲ್ಲ ಕೆಲಸ ನಿಲ್ಲಿಸಿ ಫರ್ಮ್‌ವೇರ್, ಅಂದರೆ ಯಂತ್ರದೊಳಗೇ ಇರುವ ಮೂಲ ತಂತ್ರಾಂಶದ ಪ್ರಾಂಪ್ಟಿಗೆ ಹೋಗುತ್ತಿದ್ದವು. ನಾನು ಹಿಂದೆ ಕೆಲಸ ಮಾಡಿದ ಜಾಗದಲ್ಲಿ ಟರ್ಮಿನಲ್ ಸರ್ವರನ್ನು ಆಫ್ ಮಾಡಿ ಆನ್ ಮಾಡಿದೆವು. ಆ ಗಳಿಗೆಯಲ್ಲಿ ಎಲ್ಲ ಪೋರ್ಟ್‌ಗಳ ವೋಲ್ಟೇಜ್ ಬಿತ್ತು. ಅದನ್ನು ಬ್ರೇಕ್ ಅಂದುಕೊಂಡು ನಾಲ್ಕು ಸರ್ವರ್ ಒಟ್ಟಿಗೆ ನಿಂತುಬಿಟ್ಟವು. ಅಲ್ಲಿಂದ ಇಲ್ಲಿಯವರೆಗೂ ಕನ್ಸೋಲ್ ಪೆಟ್ಟಿಗೆಗೆ ಯುಪಿಎಸ್ ಪವರ್ ಇಲ್ಲದೆ ನಾನು ಏನನ್ನೂ ಜೋಡಿಸಿಲ್ಲ.

ಆರ್‌ಜೆ-45 ಸಾಕೆಟ್ ಇರುವ ಸೀರಿಯಲ್ ಪೋರ್ಟ್‌ಗಳಿಗೆ ದಯವಿಟ್ಟು ಬೇರೆ ಬಣ್ಣದ ಟೇಪ್ ಸುತ್ತಿ. ಈಥರ್ನೆಟ್ ಸಾಕೆಟ್ಟಿನ ಹಾಗೇ ಕಾಣುತ್ತದೆ, ಒಳಗಿನ ತಂತಿಯ ಕ್ರಮ ಬೇರೆ. ಅದೂ ಒಂದೊಂದು ಕಂಪನಿಗೆ ಒಂದೊಂದು ಥರ.

ಸುರಕ್ಷತೆಯ ವಿಷಯ ಲಘುವಾಗಿ ತೆಗೆದುಕೊಳ್ಳಬೇಡಿ. ರಾ ಟಿಸಿಪಿಯಲ್ಲಿ ಪಾಸ್‌ವರ್ಡ್ ಇಲ್ಲ, ಗೂಢಲಿಪಿ ಇಲ್ಲ. ಐಪಿ ವಿಳಾಸ ಗೊತ್ತಿದ್ದವರು ಯಾರು ಬೇಕಾದರೂ ಯಂತ್ರದ ಜೊತೆ ಮಾತಾಡಬಹುದು. 2015ರ ಡಿಸೆಂಬರ್ 23ರಂದು ಉಕ್ರೇನಿನ ವಿದ್ಯುತ್ ಜಾಲದ ಮೇಲೆ ದಾಳಿ ನಡೆದು ಸುಮಾರು 2,25,000 ಗ್ರಾಹಕರಿಗೆ ಕರೆಂಟ್ ಹೋಯಿತು. ದಾಳಿ ಮಾಡಿದವರು ಸಬ್‌ಸ್ಟೇಷನ್ನುಗಳಲ್ಲಿದ್ದ ಸೀರಿಯಲ್-ಈಥರ್ನೆಟ್ ಪೆಟ್ಟಿಗೆಗಳ ಫರ್ಮ್‌ವೇರನ್ನೇ ಅಳಿಸಿ ಕೆಡಿಸಿದ್ದರು. ಆಮೇಲೆ ದೂರದಿಂದ ಬ್ರೇಕರ್ ಹಾಕಲು ದಾರಿಯೇ ಇರಲಿಲ್ಲ, ಜನ ಖುದ್ದಾಗಿ ಹೋಗಿ ಕೈಯಿಂದ ಹಾಕಬೇಕಾಯಿತು. ನಮ್ಮ ಪೆಟ್ಟಿಗೆಗಳು ಬೇರೆ ವಿಎಲ್ಎಎನ್‌ನಲ್ಲಿವೆ, ಅಂದರೆ ಉಳಿದದ್ದರಿಂದ ಬೇರ್ಪಡಿಸಿದ ನೆಟ್‌ವರ್ಕಿನಲ್ಲಿ. ಎರಡೇ ಕಂಪ್ಯೂಟರಿಗೆ ಒಳಗೆ ಬರಲು ಅನುಮತಿ. ಫ್ಯಾಕ್ಟರಿಯಿಂದ ಬಂದ ಪಾಸ್‌ವರ್ಡ್ ಯಾವುದರಲ್ಲೂ ಉಳಿದಿಲ್ಲ. ವೆಬ್ ಪುಟ ಬೇಕಾದಾಗ ಮಾತ್ರ ತೆರೆಯುತ್ತೇವೆ.

ಪೆಟ್ಟಿಗೆ ಕೊಳ್ಳುವ ಮೊದಲು ನೋಡಬೇಕು ಅನ್ನುವವರಿಗೆ ದಾರಿ ಇದೆ. ಹಳೆಯ ಲಿನಕ್ಸ್ ಕಂಪ್ಯೂಟರ್ ಒಂದಕ್ಕೆ ಯುಎಸ್‌ಬಿ ಸೀರಿಯಲ್ ಕೇಬಲ್ ಸಿಕ್ಕಿಸಿ, ಸರ್‌ಟುನೆಟ್ ಅನ್ನುವ ತಂತ್ರಾಂಶ ಹಾಕಿದರೆ ಅದೇ ಟರ್ಮಿನಲ್ ಸರ್ವರ್. ಆ ತುದಿಯಲ್ಲಿ ಸೋಕ್ಯಾಟ್ ಅನ್ನುವ ಇನ್ನೊಂದು ತಂತ್ರಾಂಶ ಹಾಕಿ, ನೆಟ್‌ವರ್ಕ್ ಕನೆಕ್ಷನ್ನನ್ನು ಮತ್ತೆ ಸೀರಿಯಲ್ ಪೋರ್ಟಿನ ಹಾಗೆ ತೋರಿಸಬಹುದು. ನಾನು ಮೀಟರ್‌ಗಳನ್ನು ಮೊದಲು ಒಂದು ವಾರ ಹೀಗೇ ಓಡಿಸಿದ್ದೆ, ರಾ ಮೋಡಿನಲ್ಲಿ. ಅದಕ್ಕೇ ಆ ವಾರ ಐದನೇ ಮೀಟರ್ ಒಮ್ಮೆಯೂ ತಪ್ಪಿರಲಿಲ್ಲ.

ಎಲ್ಲ ಯಂತ್ರಗಳನ್ನೂ ನೆಟ್‌ವರ್ಕಿಗೆ ಏರಿಸಿದ್ದೇನೆ, ಲ್ಯಾಬಿನ ಒಂದನ್ನು ಬಿಟ್ಟು. ಅದರ ತಂತ್ರಾಂಶ ಒಂದು ಬೈಟ್ ಕಳಿಸಿ, 20 ಮಿಲಿಸೆಕೆಂಡ್ ಒಳಗೆ ಒಂದು ಬೈಟ್ ಉತ್ತರ ಬರಬೇಕು ಅಂತ ಕಾಯುತ್ತದೆ. ಬರದಿದ್ದರೆ ಮೊದಲಿನಿಂದ ಶುರು. ಪೆಟ್ಟಿಗೆ ನಡುವೆ ಇದ್ದಾಗ ಹತ್ತರಲ್ಲಿ ಎಂಟು ಸಲ ಉತ್ತರ ಸಮಯಕ್ಕೆ ಬಂತು, ಎರಡು ಸಲ ಬರಲಿಲ್ಲ. ಕೂಡಿಡುವ ಸಮಯ ಸೊನ್ನೆ ಮಾಡಿದೆ, ಒಂಬತ್ತಾಯಿತು. ಹತ್ತಾಗಲಿಲ್ಲ. ಅದರ ಪಕ್ಕಕ್ಕೇ ಒಂದು ಸಣ್ಣ ಕಂಪ್ಯೂಟರ್ ತಂದಿಟ್ಟು, ಎರಡು ಮೀಟರಿನ ಹಳೆಯ ಕೇಬಲ್ಲಿನಲ್ಲೇ ಜೋಡಿಸಿದ್ದೇನೆ. ಕೇಬಲ್ಲಿನ ಎರಡೂ ತುದಿಗೆ "ಇದನ್ನು ನೆಟ್‌ವರ್ಕಿಗೆ ಹಾಕಬೇಡಿ, 20 ಮಿಲಿಸೆಕೆಂಡ್" ಅಂತ ಚೀಟಿ ಅಂಟಿಸಿ, ಕೆಳಗೆ ತಾರೀಕು ಬರೆದಿದ್ದೇನೆ.